ಮಗಳಿಗೊಂದು ಪತ್ರ: ಏಳನೇ ಪ್ರಶ್ನೆ

ಪುಟ್ಟಿ,

ಹಳೇ ಕಾಗದಗಳನ್ನು ವಿಂಗಡಿಸುತ್ತಿದ್ದಾಗ ನಿನ್ನ ವಿಜ್ಞಾನದ ಟೆಸ್ಟ್ ಪೇಪರ್ ಸಿಕ್ಕಿತು. ಏಳನೇ ಪ್ರಶ್ನೆ, ಸರಿಯೋ ತಪ್ಪೋ ತಿಳಿಸಿ: 'ನೀರಿಲ್ಲದೆ ಜೀವ ಇರಲಾರದು.' ನೀನು ಸರಿಯೂ ಹಾಕಿಲ್ಲ, ತಪ್ಪೂ ಹಾಕಿಲ್ಲ. ಸಣ್ಣಕ್ಷರದಲ್ಲಿ 'ಎಲ್ಲಿ?' ಅಂತ ಬರೆದಿದ್ದೀಯ. ಅದರ ಮೇಲೆ ಕೆಂಪು ಗೀಟು. ಅರ್ಧ ಮಾರ್ಕು ಹೋಗಿದೆ. ಅವತ್ತು ನಾನೂ ಬೈದಿದ್ದೆ, 'ಸುಮ್ನೆ ಸರಿ ಅಂತ ಬರೆಯೋಕೆ ಏನಾಗಿತ್ತು ನಿನಗೆ?' ಅಂತ. ನೀನು ಮಾತಾಡದೆ ಎದ್ದು ಹೋಗಿದ್ದೆ.

ಆಮೇಲೆ ಆ 'ಎಲ್ಲಿ?' ನನ್ನ ತಲೆಯಲ್ಲೇ ಕೂತಿದೆ.

ಮೊದಲು ನಿನ್ನ ಪುಸ್ತಕದ ಪರವಾಗಿ ಎರಡು ಮಾತು. ನಮಗೆ ಗೊತ್ತಿರುವ ಜೀವಗಳೆಲ್ಲ ಕಾರ್ಬನ್ ಮತ್ತು ನೀರನ್ನೇ ನಂಬಿಕೊಂಡಿವೆ. ಕಾರ್ಬನ್ ಒಂದೇ ಸಲಕ್ಕೆ ನಾಲ್ಕು ಪರಮಾಣುಗಳ ಜೊತೆ ಕೂಡಿಕೊಳ್ಳಬಲ್ಲದು, ಉದ್ದುದ್ದ ಸರ ಕಟ್ಟಬಲ್ಲದು. ಆವರ್ತ ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯಲ್ಲೇ ಸಿಲಿಕಾನ್ ಇದೆ. ಅದೂ ನಾಲ್ಕರ ಜೊತೆ ಕೂಡುತ್ತದೆ. ಹಾಗಾದರೆ ಸಿಲಿಕಾನ್ ಜೀವಿ ಯಾಕಿರಬಾರದು? ಕಥೆ ಬರೆಯುವವರಿಗೆ ಇದು ಬಲು ಇಷ್ಟ. ನನಗೆ ಅಷ್ಟು ನಂಬಿಕೆಯಿಲ್ಲ. ನಾವು ಉಸಿರು ಬಿಟ್ಟಾಗ ಕಾರ್ಬನ್ ಆಕ್ಸಿಜನ್ ಜೊತೆ ಸೇರಿ ಅನಿಲವಾಗಿ ಹೊರಗೆ ಹೋಗುತ್ತದೆ. ಸಿಲಿಕಾನ್ ಆಕ್ಸಿಜನ್ ಜೊತೆ ಸೇರಿದರೆ ಏನಾಗುತ್ತದೆ ಗೊತ್ತಾ? ಮರಳು. ಉಸಿರಿಗೊಂದು ಚಿಟಿಕೆ ಮರಳು ಉಗುಳುವ ಪ್ರಾಣಿಯ ಪಾಡು ಯೋಚಿಸು! ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ. 28ರಷ್ಟು ಸಿಲಿಕಾನೇ ಇದೆ. ಕಾಲಡಿಯಲ್ಲೇ ಇಷ್ಟೊಂದು ಬಿದ್ದಿದ್ದರೂ ಜೀವ ಅದನ್ನು ಬಿಟ್ಟು, ಅದಕ್ಕಿಂತ ಎಷ್ಟೋ ಕಡಿಮೆ ಇರುವ ಕಾರ್ಬನ್ನನ್ನು ಹಿಡಿಯಿತು. ಹಾಗಂತ ಪೂರ್ತಿ ಬಿಟ್ಟಿಲ್ಲ. ಹುಲ್ಲು ಕೀಳಲು ಹೋಗಿ ಬೆರಳು ಕುಯ್ದುಕೊಂಡಿದ್ದೆಯಲ್ಲ? ಆ ಗರಿಯ ಅಂಚಿನಲ್ಲಿ ಗಾಜಿನಂಥ ಪುಟ್ಟ ಪುಟ್ಟ ಹಲ್ಲುಗಳಿರುತ್ತವೆ. ಅವು ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿ ಆದದ್ದು. ಹುಲ್ಲಿಗೆ ಸಿಲಿಕಾನ್ ಬೇಲಿ ಕಟ್ಟಲು ಬೇಕು, ಮನೆ ಕಟ್ಟಲು ಅಲ್ಲ.

ಇದೆಲ್ಲ ಭೂಮಿಯ ಮಾತಾಯಿತು. ನೀನು ಕೇಳಿದ್ದು 'ಎಲ್ಲಿ' ಅಂತ.

ಶನಿ ಗ್ರಹಕ್ಕೆ ಟೈಟನ್ ಅಂತ ಒಂದು ದೊಡ್ಡ ಚಂದ್ರನಿದೆ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಅಲ್ಲಿ ಇಳಿದು ಫೋಟೋ ಕಳಿಸಿತು. ನೋಡಿದರೆ ಬತ್ತಿದ ಹೊಳೆಯ ಪಾತ್ರದ ಥರ, ತುಂಬಾ ಉರುಟು ಕಲ್ಲುಗಳು. ಆದರೆ ಅವು ಮಂಜುಗಡ್ಡೆಯ ಉಂಡೆಗಳು. ಮೈನಸ್ 179 ಡಿಗ್ರಿ ಚಳಿಯಲ್ಲಿ ನೀರೇ ಅಲ್ಲಿ ಬಂಡೆ. ಮಳೆಯಾಗಿ ಸುರಿಯುವುದು ಮೀಥೇನ್, ಕೆರೆಗಳಲ್ಲಿ ನಿಂತಿರುವುದೂ ಮೀಥೇನ್ ಮತ್ತು ಈಥೇನ್.

ಅಂಥ ಕೆರೆಯಲ್ಲಿ ಜೀವಕೋಶ ಇರಲು ಸಾಧ್ಯವಾ? ನಮ್ಮ ಜೀವಕೋಶದ ಪೊರೆಯಲ್ಲಿರುವ ಅಣುಗಳಿಗೆ ನೀರನ್ನು ಕಂಡರೆ ಆಗುವ ತಲೆ, ಆಗದ ಬಾಲ. ತಲೆಗಳು ನೀರಿನ ಕಡೆ ಮುಖ ಮಾಡಿ, ಬಾಲಗಳನ್ನು ಒಳಗೆ ಬಚ್ಚಿಟ್ಟುಕೊಂಡು ಎರಡು ಸಾಲಾಗಿ ನಿಲ್ಲುತ್ತವೆ. ಮೀಥೇನಿನಲ್ಲಿ ಎಲ್ಲ ತಿರುಗುಮುರುಗು. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಅಂಥದ್ದೊಂದು ಪೊರೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದಕ್ಕೆ ಬೇಕಾದ ಅಕ್ರಿಲೋನೈಟ್ರೈಲ್ ಅನ್ನುವ ಅಣು ಟೈಟನ್ನಿನ ಗಾಳಿಯಲ್ಲಿದೆ ಅಂತ 2017ರಲ್ಲಿ ಖಚಿತವಾಯಿತು. ನನಗಂತೂ ಕುಣಿಯುವಷ್ಟು ಖುಷಿಯಾಗಿತ್ತು. 2020ರಲ್ಲಿ ಇನ್ನೊಂದು ಲೆಕ್ಕ ಬಂತು: ಆ ಅಣುಗಳು ಪೊರೆ ಕಟ್ಟುವ ಬದಲು ಗಟ್ಟಿಯಾಗಿ ಹರಳುಗಟ್ಟುವುದೇ ಜಾಸ್ತಿ ಸಂಭವವಂತೆ. ಖುಷಿ ಅರ್ಧಕ್ಕೆ ಇಳಿಯಿತು. ಆದರೂ ಪೊರೆಯೇ ಇಲ್ಲದ ಜೀವ ಇರಬಾರದು ಅಂತೇನಿಲ್ಲ ಅಲ್ವಾ?

ಇಲ್ಲೇ ನಿನ್ನ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದು. 1976ರಲ್ಲಿ ಎರಡು ವೈಕಿಂಗ್ ನೌಕೆಗಳು ಮಂಗಳನ ಮೇಲೆ ಇಳಿದವು. ಅಲ್ಲಿನ ಮಣ್ಣಿಗೆ ಪೋಷಕಾಂಶ ಬೆರೆಸಿದ ನೀರು ಹಾಕಿದವು. ಯಾವುದಾದರೂ ಜೀವಿ ಅದನ್ನು ತಿಂದರೆ ಅನಿಲ ಬಿಡಬೇಕು. ಅನಿಲ ಬಂದೇಬಿಟ್ಟಿತು! ಆದರೆ ಇನ್ನೊಂದು ಉಪಕರಣ ಮಣ್ಣನ್ನು ಚೆನ್ನಾಗಿ ಕಾಯಿಸಿ ಕಾರ್ಬನ್ ಅಣುಗಳನ್ನು ಹುಡುಕಿತ್ತು. ಮಂಗಳನದು ಅನ್ನುವಂಥದ್ದು ಏನೂ ಸಿಗಲಿಲ್ಲ. ಹಾಗಾಗಿ ಜೀವ ಇಲ್ಲ ಅಂದರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳನ ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನುವ ಲವಣ ಕಂಡುಹಿಡಿಯಿತು. ಅದರ ಜೊತೆ ಕಾಯಿಸಿದರೆ ಕಾರ್ಬನ್ ಅಣುಗಳು ಸುಟ್ಟುಹೋಗುತ್ತವೆ. ಅಂದರೆ ಹುಡುಕುತ್ತಿದ್ದುದನ್ನು ಹುಡುಕುವಾಗಲೇ ಸುಟ್ಟಿರಬಹುದು!

ಮೊದಲು ಬಂದ ಅನಿಲವೂ ಬರೀ ಮಣ್ಣಿನ ರಸಾಯನ ಅಂತ ಹೆಚ್ಚಿನವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ನನ್ನನ್ನು ಕಾಡುವುದು ಆ ನೀರು. ಯಾರೆಂದು ಗೊತ್ತಿಲ್ಲದ ಅತಿಥಿಗೆ ನಮಗಿಷ್ಟವಾದದ್ದನ್ನೇ ಬಡಿಸಿದ ಹಾಗಾಯಿತು. ಒಣ ಮಣ್ಣಿಗೆ ಒಗ್ಗಿಕೊಂಡ ಜೀವಿಗೆ ಒಂದು ಹನಿ ನೀರೇ ಪ್ರವಾಹವಾಗಿದ್ದರೆ?

ಹಾಗಾದರೆ ಗುರುತೇ ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಒಂದು ದಾರಿ ನನಗೆ ತುಂಬಾ ಹಿಡಿಸಿತು. ಗುಂಡಿಗಳ ಡಬ್ಬ ಕೆಳಗೆ ಬಿದ್ದರೆ ಎಲ್ಲ ಬಣ್ಣವೂ ಕಲಸಿಹೋಗುತ್ತದೆ. ಕೆಂಪು ಗುಂಡಿಗಳಷ್ಟೇ ಒಂದು ಕಡೆ ರಾಶಿ ಬಿದ್ದಿದ್ದರೆ ಯಾರೋ ಆರಿಸಿದ್ದಾರೆ ಅಂತ ಗೊತ್ತಾಗುತ್ತದೆ. ಅಣುಗಳಲ್ಲೂ ಹಾಗೆ. ಎಷ್ಟೋ ಅಣುಗಳಲ್ಲಿ ಎಡಗೈ ಬಲಗೈ ಥರ ಎರಡು ರೂಪ ಇರುತ್ತವೆ. ಸುಮ್ನೆ ನಡೆಯುವ ರಸಾಯನದಲ್ಲಿ ಸಾಮಾನ್ಯವಾಗಿ ಎರಡೂ ಸಮಸಮ ಹುಟ್ಟುತ್ತವೆ. ನಮ್ಮ ಮೈಯ ಪ್ರೋಟೀನುಗಳಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲ ಎಡಗೈಯವೇ. ಆರಿಸುವ ಈ ಬುದ್ಧಿಯನ್ನು ಹುಡುಕಿದರೆ, ಜೀವ ಯಾವುದರಿಂದ ಆಗಿದೆ ಅಂತ ನಾವು ಮೊದಲೇ ತೀರ್ಮಾನಿಸಬೇಕಾಗಿಲ್ಲ.

ಡ್ರಾಗನ್‌ಫ್ಲೈ ಅಂತ ಎಂಟು ರೆಕ್ಕೆಗಾಲಿಗಳ ಡ್ರೋನ್ ಒಂದನ್ನು ನಾಸಾ ಟೈಟನ್ನಿಗೆ ಕಳಿಸಲಿದೆ. 2028ಕ್ಕೆ ಹೊರಟು 2034ಕ್ಕೆ ತಲುಪಬೇಕು. ಅಣುಗಳ ಎಡಬಲ ನೋಡುವ ಉಪಕರಣವೂ ಅದರಲ್ಲಿರುತ್ತದೆ. ಅದು ಇಳಿಯುವುದು ಕೆರೆಗಲ್ಲ, ಮರಳದಿಣ್ಣೆಗಳ ಕಡೆಗೆ. ಆ ದಿಣ್ಣೆಗಳೂ ನಮ್ಮ ಮರಳಿನವಲ್ಲ, ಕಾರ್ಬನ್ ಅಣುಗಳ ಪುಡಿಯವು! ನಿನಗೆ ಈಗ ಹದಿಮೂರು. ಅಷ್ಟು ಹೊತ್ತಿಗೆ ಕಾಲೇಜು ಮುಗಿಸಿರುತ್ತೀಯ.

ನಿನ್ನ ಪೇಪರನ್ನು ರದ್ದಿಗೆ ಹಾಕಿಲ್ಲ. ನಿನ್ನ ಮೇಜಿನ ಎರಡನೇ ಡ್ರಾಯರಿನಲ್ಲಿದೆ. ಅವತ್ತು ಬೈದದ್ದು ತಪ್ಪಾಯಿತು.

ನಿನ್ನ,
ಅಪ್ಪ