ಟ್ರಂಪೆಟ್ ನುಡಿಸುವ ಮಗಳಿಗೆ ದೊಡ್ಡಪ್ಪನ ಪತ್ರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸಮಾಚಾರವೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿಯೇ ಇರುತ್ತಾನೆ. ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. "ನಲವತ್ತು ವರ್ಷ ಚೆನ್ನಾಗಿ ನುಡಿಸಿ, ಕೊನೆಗೂ ಯಾರಿಗೂ ನನ್ನ ಹೆಸರು ಗೊತ್ತಾಗದೆ ಹೋದರೆ?" ಅಂತ ಬರೆದು, ತಕ್ಷಣ ಮಾತು ಬದಲಿಸಿ ಅಲ್ಲಿನ ಚಳಿಯ ಬಗ್ಗೆ ಹೇಳಿದ್ದೀಯ. ಆ ಚಳಿಯ ವಿಷಯ ಓದುವಾಗಲೂ ನನ್ನ ತಲೆಯಲ್ಲಿ ಆ ಸಾಲೇ ಇತ್ತು.

ಇಪ್ಪತ್ತೇಳಕ್ಕೇ ಯಾಕೆ ಇಂಥ ಯೋಚನೆ ಅಂತ ನಾನು ಕೇಳುವುದಿಲ್ಲ. ಕೇಳಿದರೆ ನೀನು ಮುಂದಿನ ಸಲ ಬರೆಯುವುದೇ ಇಲ್ಲ. ನಿಮ್ಮ ಕಾರ್ಯಕ್ರಮದ ಬಗ್ಗೆ ಬಂದ ಆ ವಿಮರ್ಶೆಯಲ್ಲಿ ಸ್ಯಾಕ್ಸೋಫೋನ್ ಹುಡುಗನ ಬಗ್ಗೆ ಎರಡು ಪ್ಯಾರಾ ಬರೆದು ನಿನ್ನ ಹೆಸರನ್ನೇ ಬಿಟ್ಟಿದ್ದಾರೆ, ಅದು ನೋವಾಗುತ್ತೆ. ಆದರೆ ನಿನ್ನ ಭಯ ಆ ಒಂದು ಸಂಜೆಯದ್ದಲ್ಲ, ಅಲ್ವಾ? ಅದಕ್ಕೇ ಈ ಪತ್ರ.

ಆ ಸಾಲು ಓದಿದ ಕೂಡಲೇ ನನಗೆ ನೆನಪಾದವನು ಜ್ಯಾಝ್ ಟ್ರಂಪೆಟ್ ವಾದಕ ಕೆನ್ನಿ ಡೋರಮ್. ಅವನ ಬಗ್ಗೆ ನಿನಗೆ ನಾನು ಪಾಠ ಹೇಳಬೇಕಾಗಿಲ್ಲ. ಆದರೂ ಅವನ ಬದುಕನ್ನು ನಿನ್ನ ಸಾಲಿನ ಪಕ್ಕ ಇಟ್ಟು ನೋಡು. 1948ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬಿಟ್ಟ ಜಾಗಕ್ಕೆ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ತನ್ನ ತಂಡಕ್ಕೆ ಕರೆದುಕೊಂಡದ್ದು ಇವನನ್ನು. 1956ರಲ್ಲಿ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಕಾರು ಅಪಘಾತದಲ್ಲಿ ತೀರಿಕೊಂಡಾಗ ಡ್ರಮ್ಮರ್ ಮ್ಯಾಕ್ಸ್ ರೋಚ್ ಕರೆದದ್ದೂ ಇವನನ್ನೇ. ನಡುವೆ ಜ್ಯಾಝ್ ಮೆಸೆಂಜರ್ಸ್ ಅನ್ನುವ ತಂಡ ಕಟ್ಟಿದಾಗಲೂ ಟ್ರಂಪೆಟ್ ಇವನದೇ. ಬೇರೆಯವರು ಎದ್ದುಹೋದ ಕುರ್ಚಿಯಲ್ಲಿ ಕೂರುವುದು ಎಷ್ಟು ಕಷ್ಟ, ನಿನಗೆ ಗೊತ್ತು. ಕೇಳುವವರ ಕಿವಿಯಲ್ಲಿ ಹಳಬನ ಶಬ್ದವೇ ಇರುತ್ತೆ. 1963ರ ಏಪ್ರಿಲ್‌ನಲ್ಲಿ 'ಊನಾ ಮಾಸ್' ರೆಕಾರ್ಡ್ ಮಾಡಿದಾಗ ಅವನ ಜೊತೆ ಪಿಯಾನೊದಲ್ಲಿ ಹರ್ಬಿ ಹ್ಯಾನ್‌ಕಾಕ್, ಡ್ರಮ್ಸ್‌ನಲ್ಲಿ 17 ವರ್ಷದ ಟೋನಿ ವಿಲಿಯಮ್ಸ್ ಇದ್ದರು. ಮುಂದಿನ ತಿಂಗಳು ಇಬ್ಬರೂ ಮೈಲ್ಸ್ ತಂಡ ಸೇರಿ ಜಗತ್ತಿಗೆಲ್ಲ ಗೊತ್ತಾದರು. ಕೆನ್ನಿ ಎಲ್ಲಿದ್ದನೋ ಅಲ್ಲೇ ಉಳಿದ.

ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದ. ಪತ್ರಿಕೆಗೆ ಬೇರೆಯವರ ರೆಕಾರ್ಡ್‌ಗಳ ವಿಮರ್ಶೆ ಬರೆದ. ಕಿಡ್ನಿ ಕೆಟ್ಟು 1972ರ ಡಿಸೆಂಬರ್ 5ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. 48 ವರ್ಷ. ಮೆಸೆಂಜರ್ಸ್ ತಂಡದ ಡ್ರಮ್ಮರ್ ಆರ್ಟ್ ಬ್ಲೇಕಿ ಅವನನ್ನು ಕಿರೀಟವಿಲ್ಲದ ರಾಜ ಅಂತ ಕರೆಯುತ್ತಿದ್ದ. ಆ ಮಾತು ಹೊಗಳಿಕೆಯಂತೆ ಕೇಳುತ್ತೆ. ನನಗೆ ಮಾತ್ರ ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ನಾನು ಅಮೆರಿಕಕ್ಕೆ ಬಂದದ್ದು 1972ರ ಸೆಪ್ಟೆಂಬರ್‌ನಲ್ಲಿ. ಅವನು ಬದುಕಿದ್ದ ಕೊನೆಯ ತಿಂಗಳುಗಳಲ್ಲಿ ನಾನೂ ಇದೇ ದೇಶದಲ್ಲಿದ್ದೆ. ನನಗೆ ಅವನ ಹೆಸರೇ ಗೊತ್ತಿರಲಿಲ್ಲ. ಮೈಸೂರಿನಲ್ಲಿ ರಾತ್ರಿ ಶಾರ್ಟ್‌ವೇವ್ ತಿರುಗಿಸಿ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕಾನೋವರ್ ಹೇಳುವ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವನು ಒಂದೊಂದು ಪದವನ್ನೂ ಬಿಡಿಸಿ ನಿಧಾನವಾಗಿ ಹೇಳುತ್ತಿದ್ದ. ಆದರೂ ಗೊರಗೊರ ಶಬ್ದದಲ್ಲಿ ಅರ್ಧ ಹೆಸರು ಮುಳುಗಿಹೋಗುತ್ತಿತ್ತು. ಮುಳುಗಿದ ಹೆಸರುಗಳಲ್ಲಿ ಕೆನ್ನಿಯದೂ ಇತ್ತೋ ಏನೋ. ಅವನ 'ಕ್ವೈಟ್ ಕೆನ್ನಿ' ರೆಕಾರ್ಡ್ ನನ್ನ ಕೈಗೆ ಬರುವ ಹೊತ್ತಿಗೆ ಅವನು ಹೋಗಿ ವರ್ಷಗಳಾಗಿದ್ದವು.

ಅದರಲ್ಲಿ 'ಅಲೋನ್ ಟುಗೆದರ್' ಕೇಳು. ಮೊದಲೇ ಕೇಳಿದ್ದೀಯ, ಮತ್ತೆ ಕೇಳು. ನಿಧಾನದ ಟ್ಯೂನ್. ಅವನು ಹೆಚ್ಚೇನೂ ಮಾಡುವುದಿಲ್ಲ, ಟ್ಯೂನನ್ನು ಹಾಗೇ ಹೇಳಿಕೊಂಡು ಹೋಗುತ್ತಾನೆ. ಪ್ರತಿ ಸ್ವರದ ಅಂಚು ಮೆತ್ತಗೆ. ಮೊದಲು ಉಸಿರು ಬಂದು, ಅದರ ಹಿಂದೆ ಸ್ವರ ಬಂದ ಹಾಗೆ. ಎತ್ತರಕ್ಕೆ ಹೋಗಿ ಎಲ್ಲರೂ ತಿರುಗಿ ನೋಡುವಂತೆ ಕೂಗುವುದಿಲ್ಲ. ಟ್ರಂಪೆಟ್‌ನಲ್ಲಿ ಕೂಗದೆ ಇರುವುದು ಎಷ್ಟು ದೊಡ್ಡ ಧೈರ್ಯ ಅಂತ ನನಗೆ ಗೊತ್ತಾದದ್ದು ಅದರಿಂದಲೇ. ನೀನೂ ಹಾಗೇ ನುಡಿಸುತ್ತೀಯ. ಅದಕ್ಕೇ ನಿನ್ನ ಸಾಲು ನನ್ನನ್ನು ಇಷ್ಟು ಕಾಡುತ್ತಿರುವುದು.

ಹೆಸರು ಗೊತ್ತಾಗದೆ ಹೋದರೆ ಅಂತ ಕೇಳಿದ್ದೀಯ. 'ಸಾಂಗ್ ಫಾರ್ ಮೈ ಫಾದರ್' ತಗೋ. 1964ರಲ್ಲಿ ರೆಕಾರ್ಡ್ ಆದದ್ದು. ಜ್ಯಾಝ್ ಅಂದರೆ ದೂರ ಓಡುವವರಿಗೂ ಆ ಟ್ಯೂನ್ ಗೊತ್ತು. ಅದರ ಟ್ರಂಪೆಟ್ ಕಾರ್ಮೆಲ್ ಜೋನ್ಸ್‌ದು. ಒಬ್ಬನೇ ನುಡಿಸುವ ಸೋಲೊ ಪಿಯಾನೊದ ಹೊರೇಸ್ ಸಿಲ್ವರ್‌ಗೂ ಸ್ಯಾಕ್ಸೋಫೋನಿನ ಜೋ ಹೆಂಡರ್ಸನ್‌ಗೂ ಹೋಯಿತು, ಕಾರ್ಮೆಲ್ ಟ್ಯೂನ್ ಮಾತ್ರ ನುಡಿಸಿದ. ಸ್ಯಾಕ್ಸೋಫೋನ್ ಜೊತೆ ಅವನು ಎಷ್ಟು ಬಿಗಿಯಾಗಿ ಸೇರಿಕೊಂಡಿದ್ದಾನೆ ಅಂದರೆ ಎರಡು ವಾದ್ಯ ಅಂತಲೇ ಅನಿಸುವುದಿಲ್ಲ. ಮುಂದಿನ ವರ್ಷ ಜರ್ಮನಿಗೆ ಹೋಗಿ ಅಲ್ಲೇ ಬಹಳ ವರ್ಷ ಇದ್ದ. 1980ರಲ್ಲಿ ತನ್ನ ಕ್ಯಾನ್ಸಸ್ ಸಿಟಿಗೆ ವಾಪಸು ಬಂದು ಮಕ್ಕಳಿಗೆ ಕಲಿಸಿದ. ಅವನ ಹೆಸರು ಗೊತ್ತಿಲ್ಲದ ಲಕ್ಷಾಂತರ ಜನ ಅವನ ಟ್ರಂಪೆಟ್ ಕೇಳಿದ್ದಾರೆ, ಈಗಲೂ ಕೇಳುತ್ತಿದ್ದಾರೆ. ಇದು ಸಮಾಧಾನವೋ ಅಲ್ಲವೋ ನನಗೆ ಪೂರ್ತಿ ತಿಳಿಯದು. ಒಂದೊಂದು ದಿನ ಸಮಾಧಾನ ಅನಿಸುತ್ತೆ. ಒಂದೊಂದು ದಿನ ಅವನ ಪರವಾಗಿ ಸಿಟ್ಟೇ ಬರುತ್ತೆ.

ಟ್ರಂಪೆಟ್‌ನಂಥದೇ ಆದ ನನ್ನ ಕಾರ್ನೆಟ್ ಕಥೆ ನಿನಗೆ ಅರ್ಧ ಗೊತ್ತು. ಎನ್‌ಸಿಸಿ ಬ್ಯಾಂಡಿನಲ್ಲಿ ಊದುತ್ತಿದ್ದೆ, ಒಂದು ಸಲ ಮನೆಗೂ ತಂದಿದ್ದೆ. ಅಜ್ಜಿ ಬಾಗಿಲಲ್ಲೇ ತಡೆದು, "ಎಂಜಲು ವಾದ್ಯ, ಒಳಗೆ ತರಬೇಡ" ಅಂದರು. ನಮ್ಮ ಮನೆಗಳಲ್ಲಿ ವೀಣೆ ಇರಬಹುದಿತ್ತು, ಪಿಟೀಲು ಇರಬಹುದಿತ್ತು. ಬಾಯಿಗೆ ಇಟ್ಟು ಊದುವುದು ಬೇರೆಯವರ ಕೆಲಸ ಅಂತ ಲೆಕ್ಕ. ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ಹೋಗುವಾಗ ಅದೇ ಅಜ್ಜಿ ಎದ್ದು ನಿಂತು ನೋಡುತ್ತಿದ್ದರು. ಕಾಲೇಜು ಮುಗಿಯಿತು, ಕಾರ್ನೆಟ್ ಬ್ಯಾಂಡ್ ರೂಮಿಗೆ ವಾಪಸು ಹೋಯಿತು. ರಿಟೈರ್ ಆದ ಮೇಲೆ ಒಂದು ಕೊಂಡು ತಂದೆ, ನಿನ್ನ ದೊಡ್ಡಮ್ಮನೇ ಒತ್ತಾಯ ಮಾಡಿದಳು. ತುಟಿ ಕೇಳಲಿಲ್ಲ. ಅಷ್ಟು ವರ್ಷದ ಸಾಧನೆ ಇಲ್ಲದ ತುಟಿ ಎಲ್ಲಿ ಕೇಳುತ್ತೆ. ನಾಲ್ಕು ಜನರಿಗೆ ಕೇಳುವ ಹಾಗೆ ಒಂದು ಟ್ಯೂನ್ ನುಡಿಸದೆ ಹೋದೆನಲ್ಲ ಅನ್ನುವುದು ನನ್ನ ಕೊರಗು. ನಿನ್ನದು ಬೇರೆ ಭಯ, ಗೊತ್ತು. ಎರಡನ್ನೂ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ನಿನ್ನ ಭಯವನ್ನು ನಾನು ಓದುವುದು ಈ ಕಡೆ ನಿಂತು.

ನಾನು ಕಣ್ಣಾರೆ ಕಂಡವರಲ್ಲಿ ನಿನಗೆ ಹೇಳಲೇಬೇಕಾದವನು ಟ್ರಂಪೆಟ್‌ನ ಮಾರ್ಕಸ್ ಬೆಲ್‌ಗ್ರೇವ್. ಹುಡುಗನಾಗಿದ್ದಾಗ ಕ್ಲಿಫರ್ಡ್ ಬ್ರೌನ್ ಹತ್ತಿರ ಕಲಿತವನು, ರೇ ಚಾರ್ಲ್ಸ್ ಬ್ಯಾಂಡಿನಲ್ಲಿ ಊರೂರು ಸುತ್ತಿದವನು. ಅಂಥವನು 1963ರ ಹೊತ್ತಿಗೆ ನಮ್ಮ ಈ ಡೆಟ್ರಾಯಿಟ್‌ಗೆ ಬಂದು ನೆಲೆನಿಂತ. ನ್ಯೂಯಾರ್ಕಿನಲ್ಲಿದ್ದಿದ್ದರೆ ಹೆಸರು ಇನ್ನೂ ದೊಡ್ಡದಾಗುತ್ತಿತ್ತು ಅಂತ ಇಲ್ಲಿನವರು ಈಗಲೂ ಹೇಳುತ್ತಾರೆ. ನಾನು ಕೇಳಿದಾಗಲೆಲ್ಲ ವೇದಿಕೆಯ ಮೇಲೆ ಯಾರಾದರೂ ಎಳೆಯರು ಇರುತ್ತಿದ್ದರು. ಅವರು ಸೋಲೊ ನುಡಿಸುವಾಗ ಅವನು ಟ್ರಂಪೆಟ್ ಇಳಿಸಿ, ಪೂರ್ತಿ ಅವರ ಕಡೆ ತಿರುಗಿ ನಿಲ್ಲುತ್ತಿದ್ದ. ಕೇಳುವವರಿಗೂ ಆ ಕಡೆಯೇ ನೋಡಬೇಕು ಅನಿಸುತ್ತಿತ್ತು. ಜೆರಿ ಆಲನ್, ಕೆನ್ನಿ ಗ್ಯಾರೆಟ್, ರೆಜಿನಾ ಕಾರ್ಟರ್, ಎಲ್ಲರೂ ಅವನ ಕೈಯಲ್ಲಿ ಪಳಗಿದವರು. 2015ರಲ್ಲಿ ಹೋದ. ಆ ವಾರ ಈ ಊರಿನ ರೇಡಿಯೊ ಕೇಳಿದ್ದರೆ ಯಾರಿಗೂ ಗೊತ್ತಾಗದೆ ಹೋದ ಮನುಷ್ಯ ಅಂತ ನೀನು ಅನ್ನುತ್ತಿರಲಿಲ್ಲ. ಆದರೆ ನಿನ್ನ ವಿಮರ್ಶಕರ ಪಟ್ಟಿಯಲ್ಲಿ ಅವನು ಸಿಗುವುದು ಅಪರೂಪ.

ಪಕ್ಕದ ಆ್ಯನ್ ಆರ್ಬರ್‌ನಲ್ಲಿ ಇನ್ನೊಬ್ಬ ಟ್ರಂಪೆಟ್ ವಾದಕ ಲೂಯಿಸ್ ಸ್ಮಿತ್ ಇದ್ದ. 1958ರಲ್ಲಿ ಬ್ಲೂ ನೋಟ್ ಕಂಪನಿಯಿಂದ ಎರಡು ರೆಕಾರ್ಡ್ ಬಂದವು. 'ಹಿಯರ್ ಕಮ್ಸ್ ಲೂಯಿಸ್ ಸ್ಮಿತ್' ಅಂತ ಮೊದಲನೆಯದರ ಹೆಸರು, ಅದರಲ್ಲಿ 'ಸ್ಟಾರ್‌ಡಸ್ಟ್' ನುಡಿಸಿರುವ ರೀತಿ ನಿನಗೆ ತುಂಬ ಹಿಡಿಸುತ್ತೆ. ಆಮೇಲೆ ಮೇಷ್ಟ್ರಾದ. ಅವನ ಹೆಸರಿನ ಮುಂದಿನ ರೆಕಾರ್ಡ್ ಬಂದದ್ದು 1978ರಲ್ಲಿ. ಇಪ್ಪತ್ತು ವರ್ಷ, ಪುಟ್ಟಿ! ಆ ಇಪ್ಪತ್ತು ವರ್ಷವೂ ಅವನು ಟ್ರಂಪೆಟ್ ಕೆಳಗಿಟ್ಟಿರಲಿಲ್ಲ ಅನ್ನುವುದು 78ರ ರೆಕಾರ್ಡ್ ಕೇಳಿದರೇ ಗೊತ್ತಾಗುತ್ತೆ.

ಹೆಣ್ಣುಮಗಳಾದ್ದರಿಂದ ನಿನಗೆ ಇನ್ನೊಂದು ಪಾಲು ಕಷ್ಟ ಜಾಸ್ತಿ. ಅದನ್ನು ನೀನು ಬರೆದಿಲ್ಲ, ನಾನೂ ಕೆದಕುವುದಿಲ್ಲ. ಕ್ಲೋರಾ ಬ್ರಯಂಟ್ ನೆನಪಿದೆಯಾ? ಲಾಸ್ ಏಂಜಲೀಸ್‌ನ ಸೆಂಟ್ರಲ್ ಅವೆನ್ಯೂದಲ್ಲಿ ಗಂಡಸರ ನಡುವೆ ನಿಂತು ಬೀಬಾಪ್ ಶೈಲಿಯ ಜ್ಯಾಝ್ ಅನ್ನು ಟ್ರಂಪೆಟ್‌ನಲ್ಲಿ ನುಡಿಸಿದವಳು. ಟ್ರಂಪೆಟ್ ದಿಗ್ಗಜ ಡಿಝಿ ಗಿಲೆಸ್ಪಿಯೇ ಮೆಚ್ಚಿಕೊಂಡಿದ್ದ. ಅಷ್ಟಾದರೂ ಆಕೆಯ ಹೆಸರಲ್ಲಿ ಬಂದದ್ದು ಒಂದೇ ರೆಕಾರ್ಡ್, 1957ರದ್ದು. ಆಕೆ ಸುಮ್ಮನೆ ಕೂರಲಿಲ್ಲ. ಗೊರ್ಬಚೆವ್‌ಗೇ ಪತ್ರ ಬರೆದು 1989ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ನುಡಿಸಿ ಬಂದಳು. ಯಾರೂ ಕರೆಯದಿದ್ದರೆ ತಾನೇ ಕೇಳುವ ಆ ಧೈರ್ಯ ನಿನಗೆ ಸ್ವಲ್ಪ ಬರಲಿ. ನಮ್ಮ ಮನೆಯವರಿಗೆ ಕೇಳುವುದು ಅಂದರೆ ನಾಚಿಕೆ. ನನಗೂ ಇತ್ತು.

ಟ್ರಂಪೆಟ್ ವಾದಕರಾದ ಫ್ಯಾಟ್ಸ್ ನವಾರೊ 26ನೇ ವಯಸ್ಸಿಗೆ, ಬುಕರ್ ಲಿಟಲ್ 23ಕ್ಕೆ ತೀರಿಕೊಂಡರು. ಅವರ ವಿಷಯ ಬರೆಯಲು ಮನಸ್ಸು ಬರುತ್ತಿಲ್ಲ. ನಿನ್ನ ವಯಸ್ಸಿನ ಲೆಕ್ಕ ಹಾಕಿಬಿಡುತ್ತೇನೆ.

ಮತ್ತೆ ಅದೇ ಸಾಲಿಗೆ ಬರುತ್ತಿದ್ದೇನೆ. ನಿನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳಿಗೆ 'ಬ್ಲೂ ಬೋಸ' ಕಲಿಸುತ್ತೀಯಲ್ಲ? ಹದಿನಾರು ಬಾರ್, ಟ್ರಂಪೆಟ್‌ನಲ್ಲಿ ಡಿ ಮೈನರ್. ಎಂಟು ಬಾರ್ ಆದ ಮೇಲೆ ಇ ಫ್ಲಾಟ್ ಮೇಜರ್‌ಗೆ ಅರ್ಧ ಮೆಟ್ಟಿಲು ಏರುವ ಜಾಗದಲ್ಲಿ ಎಳೆಯರ ಮುಖ ಅರಳುತ್ತೆ ಅಂತ ನೀನೇ ಒಮ್ಮೆ ಹೇಳಿದ್ದೆ. ಅದು ಕೆನ್ನಿ ಬರೆದದ್ದು. 1963ರಲ್ಲಿ ಜೋ ಹೆಂಡರ್ಸನ್‌ನ ಮೊದಲ ರೆಕಾರ್ಡ್‌ಗೆ ಕೊಟ್ಟ. ಜ್ಯಾಝ್ ಕಲಿಯಲು ಕೂತವರು ಎಲ್ಲ ದೇಶದಲ್ಲೂ ಮೊದಮೊದಲು ನುಡಿಸುವುದು ಇದನ್ನೇ. ಆ ಮಕ್ಕಳಿಗೆ ಅವನ ಹೆಸರು ಹೇಳುತ್ತೀಯಾ? ಹೇಳದಿದ್ದರೆ ಹೇಳು. ನೀನು ಹೆದರುವ ಆ ವಿಷಯದಲ್ಲಿ ನಿನ್ನ ಕೈಲೇ ಆಗುವ ಕೆಲಸ ಅದು.

ಇನ್ನು ನಾಲ್ಕು ಮಾತು. ಬೇಡ ಅನಿಸಿದರೆ ಬಿಡು, ನಿನ್ನ ಕಸುಬು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನೀನು ಬರೆದ ಟ್ಯೂನ್‌ಗಳನ್ನು ನಿನ್ನ ಹೆಸರಲ್ಲಿ ರಿಜಿಸ್ಟರ್ ಮಾಡಿಸು, ಸ್ನೇಹದಲ್ಲಿ ಸುಮ್ನೆ ಯಾರಿಗೂ ಬಿಟ್ಟುಕೊಡಬೇಡ. ಹಗಲು ಕೆಲಸ ಹಿಡಿದರೆ ಅದರಲ್ಲಿ ಅವಮಾನವಿಲ್ಲ. ಕೆನ್ನಿ ಕಾಗದ ವಿಂಗಡಿಸಿದ್ದರಿಂದ ಅವನ ಟ್ರಂಪೆಟ್ ಚಿಕ್ಕದಾಗಲಿಲ್ಲ. ಇನ್ಶೂರೆನ್ಸ್ ಒಂದು ತಿಂಗಳೂ ತಪ್ಪಿಸಬೇಡ, ಕಷ್ಟವಾದರೆ ನನಗೆ ಹೇಳು, ನಿಮ್ಮಪ್ಪನಿಗೆ ಹೇಳಬೇಕಿಲ್ಲ. ಮೇಲ್ತುಟಿ ಮರಗಟ್ಟುತ್ತೆ ಅಂತ ನೀನು ಬರೆದಿದ್ದೆ. ಎರಡು ದಿನ ಊದಬೇಡ, ಆಮೇಲೆ ಒಂದೇ ಸ್ವರ ಉದ್ದಕ್ಕೆ ಹಿಡಿಯುವ ಲಾಂಗ್ ಟೋನ್ ಮಾತ್ರ, ಮೆತ್ತಗೆ. ಆಗಲೂ ಸರಿಹೋಗದಿದ್ದರೆ ಡಾಕ್ಟರ್‌ಗೆ ತೋರಿಸು.

ಆ ವಿಮರ್ಶೆ ಬಂದ ಸಂಜೆಯ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದ್ದರೆ ಕಳಿಸು. ನಾನೂ ದೊಡ್ಡಮ್ಮನೂ ಕೇಳಬೇಕು. ನಿನ್ನ ಸೋಲೊ ಎಷ್ಟನೇ ನಿಮಿಷಕ್ಕೆ ಶುರುವಾಗುತ್ತೆ ಅಂತ ಬರೆದು ಕಳಿಸು, ಆದರೆ ಪೂರ್ತಿ ಕೇಳುತ್ತೇವೆ.

ಇಂತಿ,
ನಿನ್ನ ದೊಡ್ಡಪ್ಪ