ಊಟದಲ್ಲಿ ಬೆರೆಸುವ ಪುಡಿಯ ಜಾಹೀರಾತು ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಸಣ್ಣ ಜಾಹೀರಾತುಗಳ ಪುಟದಲ್ಲಿ ‘ಕುಡುಕರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಸಾಲು, ಕೆಳಗೊಂದು ಮೊಬೈಲ್ ನಂಬರು ಆಗಾಗ ಬರುತ್ತದೆ. ದಯವಿಟ್ಟು ಅದನ್ನು ನಿಲ್ಲಿಸಿ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಆ ಜಾಹೀರಾತಿನ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೆಂಗಸರು ಬರುತ್ತಾರೆ. ‘ಅಣ್ಣಾ, ಇಂಥದ್ದೇ ಮಾತ್ರೆ ಕೊಡಿ, ಸಾರಿಗೆ ಹಾಕಿದ್ರೆ ವಾಸನೆ ಬರಲ್ಲ ಅಲ್ವಾ?’ ಎನ್ನುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಆದರೂ ಕೊಡುವುದಿಲ್ಲ.

ಅವರು ಕೇಳುವುದು ಡೈಸಲ್ಫಿರಾಮ್. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಇದು ಕುಡಿಯುವ ಆಸೆಯನ್ನು ಕಡಿಮೆ ಮಾಡುವ ಮಾತ್ರೆಯೇ ಅಲ್ಲ. ಇದನ್ನು ತಿಂದವರು ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವಕ್ಕೇ ಕುತ್ತು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಗೊತ್ತಿದ್ದು, ಒಪ್ಪಿ ತಿನ್ನುವವರಿಗೆ ಇದು ಒಳ್ಳೆಯ ಔಷಧಿ. ಕದ್ದು ತಿನ್ನಿಸಿದರೆ ವಿಷ. ಜಾಹೀರಾತಿನವರ ಪುಡಿಯಲ್ಲಿ ಏನಿದೆಯೋ, ಅದನ್ನು ಮಾರುವವರೇ ಹೇಳಬೇಕು.

ಹೋದ ಮಳೆಗಾಲದಲ್ಲಿ ಒಬ್ಬಾಕೆ ಇದೇ ಮಾತ್ರೆ ಕೇಳಿಕೊಂಡು ಬಂದರು. ಚೀಲದಲ್ಲಿ ಗಂಡನ ಹಳೆಯ ಚೀಟಿ ಇತ್ತು, ಜೊತೆಗೆ ಸರ್ಟ್ರಾಲಿನ್ ಸ್ಟ್ರಿಪ್. ಖಿನ್ನತೆಗೆ ಕೊಡುವ ಮಾತ್ರೆ ಅದು. ನಾಲ್ಕು ಮಾತ್ರ ಖಾಲಿಯಾಗಿದ್ದವು. ‘ಕುಡಿಯೋನಿಗೆ ತಲೆ ಮಾತ್ರೆ ಯಾಕೆ, ಮೊದ್ಲು ಕುಡಿತ ಬಿಡ್ಲಿ ಅಂತ ಅತ್ತೆ ನಿಲ್ಲಿಸಿದ್ರು’ ಎಂದರು. ಬಹಳ ಮನೆಗಳಲ್ಲಿ ಇದೇ ಲೆಕ್ಕಾಚಾರ. ಖಿನ್ನತೆಗೆ ಕುಡಿಯುತ್ತಾರೆ, ಕುಡಿದು ಖಿನ್ನತೆ ಜಾಸ್ತಿಯಾಗುತ್ತದೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು ಎಂದು ಮನೋವೈದ್ಯರು ಹೇಳುವುದು ಅದಕ್ಕೇ. ಸರ್ಟ್ರಾಲಿನ್ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನದಲ್ಲಿ ಏನು ಗೊತ್ತಾದೀತು? ಇನ್ನೊಂದು ವಿಷಯ. ಇಲ್ಲದ ದನಿ ಕೇಳಿಸುವ, ಸುಮ್ನೆ ಅನುಮಾನಪಡುವ ಕಾಯಿಲೆ ಇದ್ದವರಿಗೆ ಡೈಸಲ್ಫಿರಾಮ್ ಕೊಟ್ಟರೆ ಅದು ಉಲ್ಬಣವಾಗಬಹುದು. ಸಾರಿಗೆ ಬೆರೆಸುವವರಿಗೆ ಇದನ್ನು ಯಾರು ಹೇಳುತ್ತಾರೆ?

ದಿನಾ ಜಾಸ್ತಿ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಅಷ್ಟೇ ಅಪಾಯ. ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಮೂರು–ನಾಲ್ಕನೇ ದಿನಕ್ಕೆ ಭ್ರಮೆ ಹಿಡಿಯಬಹುದು. ಆಸ್ಪತ್ರೆಯಲ್ಲಿ ಇದನ್ನು ತಡೆಯಲು ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ ಮಾತ್ರೆ ಕೊಟ್ಟು, ಅದರ ಪ್ರಮಾಣವನ್ನು ದಿನದಿನ ಇಳಿಸುತ್ತಾರೆ, ಜೊತೆಗೆ ಬಿ1 ವಿಟಮಿನ್. ಕ್ಲೋರ್‌ಡಯಾಜೆಪಾಕ್ಸೈಡ್ ಕೆಲವು ದಿನಕ್ಕಷ್ಟೇ. ಅದೇ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೇಳುವವರಿದ್ದಾರೆ. ಅದೂ ಚಟವಾಗುತ್ತದೆ.

ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ ಇದೆ. ಬಿಟ್ಟವರು ಮತ್ತೆ ಕುಡಿತಕ್ಕೆ ಬೀಳದಿರಲು ಅಕಾಂಪ್ರೊಸೇಟ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಕೂಲಿ ಮಾಡುವವರಿಗೆ ಹೊರಗಿನಿಂದ ತಿಂಗಳಿಡೀ ಕೊಳ್ಳುವುದು ಕಷ್ಟ. ಅರ್ಧಕ್ಕೇ ನಿಲ್ಲಿಸುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇವು ಸಿಗುವಂತೆ ಸರ್ಕಾರ ಮಾಡಬೇಕು.

ಆ ಜಾಹೀರಾತಿನ ಜಾಗ ಖಾಲಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

– ಮೆಡಿಕಲ್ ಸ್ಟೋರ್‌ನ ಓದುಗ, ಹಾಸನ ಜಿಲ್ಲೆ