ಒಂದು ತಟ್ಟೆ ಎರಡಾಗಿದೆ: ಎಲ್‌ಪಿಗೆ ಮುಂಗಡ ಕೊಟ್ಟವರಿಗೆ

ಮಾಟುಂಗಾ ಪೂರ್ವ, ಮುಂಬಯಿ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ನಮ್ಮ ಡೊಂಬಿವಲಿ ಹುಡುಗರ ಬ್ಯಾಂಡಿನ ಹೊಸ ಆಲ್ಬಮ್‌ಗೆ ನೀವು ಮುಂಗಡ ಕೊಟ್ಟಿದ್ದೀರಿ. ಗಣೇಶ ಚೌತಿಗೆ ಎಲ್‌ಪಿ, ಅಂದರೆ ಗ್ರಾಮೋಫೋನ್ ತಟ್ಟೆ, ನಿಮ್ಮ ಕೈಗೆ ಬರುತ್ತದೆ ಅಂತ ಹೇಳಿದ್ದೆವು. ಆ ಮಾತು ಉಳಿಸಿಕೊಳ್ಳಲು ಆಗುತ್ತಿಲ್ಲ, ಕ್ಷಮಿಸಿ. ಎಲ್‌ಪಿ ಅಕ್ಟೋಬರ್ ಕೊನೆಯ ವಾರ ಬರುತ್ತದೆ. ಒಂದು ತಟ್ಟೆ ಇದ್ದದ್ದು ಎರಡಾಗುತ್ತದೆ. ಬೆಲೆ 1,900 ರೂಪಾಯಿ ಇದ್ದದ್ದು 2,600 ಆಗುತ್ತದೆ. ನಿಮ್ಮ ಹಣದ ಲೆಕ್ಕ ಮುಂದೆ ಬರೆದಿದ್ದೇವೆ. ಮೊದಲು ಯಾಕೆ ಹೀಗಾಯಿತು ಅಂತ ಹೇಳಬೇಕು.

ಕಳೆದ ತಿಂಗಳು ಟೆಸ್ಟ್ ಪ್ರೆಸಿಂಗ್ ಬಂತು. ಎಲ್ಲ ಪ್ರತಿ ಒತ್ತುವ ಮೊದಲು ಕೇಳಿ ನೋಡಿ ಅಂತ ಕಳಿಸುವ ನಾಲ್ಕೈದು ತಟ್ಟೆಗಳು ಅವು. ರಾತ್ರಿ ಅಂಗಡಿ ಬಾಗಿಲು ಎಳೆದು, ಬ್ಯಾಂಡಿನ ನಾಲ್ವರು, ನಾವು ಮೂವರು ಪಾಲುದಾರರು, ಕೂತು ಕೇಳಿದೆವು. ಮೊದಲ ಸೈಡ್ ಚೆನ್ನಾಗಿತ್ತು. ಎರಡನೇ ಸೈಡೂ ಅರ್ಧದ ತನಕ ಚೆನ್ನಾಗಿತ್ತು. ಕೊನೆಯ ಹಾಡು ಶುರುವಾದಾಗ ಒಬ್ಬರ ಮುಖ ಒಬ್ಬರು ನೋಡಿದೆವು. ಗಿಟಾರ್ ಮಂಕಾಗಿತ್ತು. ಮೇಲಿನ ಸ್ವರಗಳು ಒಡೆದು ಕೇಳುತ್ತಿದ್ದವು. ಹಾಡಿನಲ್ಲಿ ‘ಸ’ ಬಂದ ಕಡೆಯಲ್ಲೆಲ್ಲ ‘ಷ’ ಅಂದ ಹಾಗೆ ಕೇಳುತ್ತಿತ್ತು. ಮುಳ್ಳು ಬದಲಿಸಿದೆವು. ಬೇರೆ ಟರ್ನ್‌ಟೇಬಲ್ ತರಿಸಿದೆವು. ಅದೇ ಕಥೆ.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಹೊರಗಿನ ಸುತ್ತು ದೊಡ್ಡದು, ಲೇಬಲ್ ಹತ್ತಿರದ ಸುತ್ತು ಚಿಕ್ಕದು, ಆದರೆ ಎರಡಕ್ಕೂ ಅಷ್ಟೇ ಸಮಯ. ಹಾಗಾಗಿ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಹಾಡು ಕೆತ್ತಿದ ಗೆರೆ ಹಾದುಹೋದರೆ, ಒಳಗೆ ಬಂದಾಗ ಸುಮಾರು 21 ಸೆಂಟಿಮೀಟರ್ ಅಷ್ಟೇ. ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಮ್ಮಿ ಜಾಗಕ್ಕೆ ತುರುಕಬೇಕು. ಮೊದಲು ಹಾಳಾಗುವುದು ಮೇಲಿನ ಸ್ವರಗಳೇ. ಸೈಡ್ ಉದ್ದ ಆದಷ್ಟೂ ಗೆರೆ ಲೇಬಲ್ ಹತ್ತಿರಕ್ಕೆ ಬರುತ್ತದೆ. ರಾಕ್ ಸಂಗೀತಕ್ಕೆ ಒಂದು ಸೈಡಿಗೆ 18ರಿಂದ 22 ನಿಮಿಷ ಇದ್ದರೆ ನೆಮ್ಮದಿ. ಈ ಆಲ್ಬಮ್ 52 ನಿಮಿಷ ಇದೆ. ಸೈಡಿಗೆ 26 ನಿಮಿಷ ಹಾಕಿದ್ದೆವು. ಜಾಸ್ತಿ ಆಗುತ್ತದೆ ಅಂತ ಒತ್ತುವವರು ಮೊದಲೇ ಹೇಳಿದ್ದರು. ಇರಲಿ, ನಡೆಯುತ್ತದೆ ಅಂದವರು ನಾವು. ಅವರದ್ದೇನೂ ತಪ್ಪಿಲ್ಲ.

ಒಂದು ತಟ್ಟೆಯಲ್ಲೇ ಮುಗಿಸಲು ಎರಡು ದಾರಿ ಇದ್ದವು. ಒಟ್ಟು ಧ್ವನಿ ಇಳಿಸಿ ಕೆತ್ತಿದರೆ ಗೆರೆ ಸಣ್ಣದಾಗುತ್ತದೆ, ಜಾಗ ಉಳಿಯುತ್ತದೆ. ಆದರೆ ಆಗ ನೀವು ವಾಲ್ಯೂಮ್ ಜಾಸ್ತಿ ಮಾಡಬೇಕು, ಅದರ ಜೊತೆ ತಟ್ಟೆಯ ಚಟಪಟ ಸದ್ದೂ ಏರುತ್ತದೆ. ಈ ಆಲ್ಬಮ್‌ನ ಮೂರು ಹಾಡುಗಳು ಒಂದೇ ಗಿಟಾರಿನ ಮೆಲ್ಲನೆಯ ನುಡಿಸಾಣಿಕೆಯಿಂದ ಶುರುವಾಗುತ್ತವೆ. ಅಲ್ಲಿ ಚಟಪಟ ಕೇಳಿದರೆ ಮನಸ್ಸು ಮುರಿಯುತ್ತದೆ. ಇನ್ನೊಂದು ದಾರಿ, ಒಂದು ಹಾಡು ಕೈಬಿಡುವುದು. ಯಾವುದನ್ನು ಬಿಡೋಣ ಅಂತ ಆ ಹುಡುಗರನ್ನು ಕೇಳಲು ನಮಗೆ ಬಾಯಿ ಬರಲಿಲ್ಲ.

ಕೊನೆಯ ಹಾಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಂಟು ನಿಮಿಷದ ಹಾಡು ಅದು. ಐದನೇ ನಿಮಿಷದಲ್ಲಿ ಮಾತು ನಿಲ್ಲುತ್ತದೆ. ಒಂದು ಗಿಟಾರ್ ರಾಗ ಎತ್ತಿಕೊಳ್ಳುತ್ತದೆ. ಎರಡನೆಯದು ಅದೇ ರಾಗವನ್ನು ಸ್ವಲ್ಪ ಮೇಲಿನ ಸ್ವರದಲ್ಲಿ ಹಿಡಿದು ಪಕ್ಕದಲ್ಲೇ ನಡೆಯುತ್ತದೆ. 1970ರ ದಶಕದಲ್ಲಿ ವಿಶ್‌ಬೋನ್ ಆ್ಯಶ್, ಥಿನ್ ಲಿಝಿ ಬ್ಯಾಂಡುಗಳು ಹೀಗೆ ಎರಡು ಗಿಟಾರ್ ಜೋಡಿಸಿ ನುಡಿಸುತ್ತಿದ್ದವು, ಅವನ್ನು ಕೇಳಿದವರಿಗೆ ಗೊತ್ತಾಗುತ್ತದೆ. ಆದರೆ ನಮ್ಮ ಲೀಡ್ ಗಿಟಾರಿನ ಹುಡುಗ ಚಿಕ್ಕಂದಿನಲ್ಲಿ ವೀಣೆ ಕಲಿತವನು. ತಂತಿ ಎಳೆದರೆ ಸ್ವರ ಒಂದು ಕಡೆ ನಿಲ್ಲುವುದಿಲ್ಲ, ತೂಗುತ್ತದೆ, ಜಾರುತ್ತದೆ, ಮತ್ತೆ ಬಂದು ಕೂರುತ್ತದೆ. ವೇಗ ತೋರಿಸುವ ಆಸೆ ಅವನಿಗಿಲ್ಲ. ಹಾಡಿನ ಸಾಲು ಎಲ್ಲಿ ಬಿಟ್ಟಿತೋ ಅಲ್ಲಿಂದ ಗಿಟಾರ್ ಮುಂದುವರಿಸುತ್ತದೆ, ಕನ್ನಡದಲ್ಲೇ ಮಾತಾಡುತ್ತಿದೆ ಅನಿಸುತ್ತದೆ. ಮೂರು ವರ್ಷ ಲೋಕಲ್ ಟ್ರೈನಿನಲ್ಲಿ ಗಿಟಾರ್ ಹೊತ್ತು, ಕೆಲಸ ಮುಗಿಸಿ ರಾತ್ರಿ ಅಭ್ಯಾಸಕ್ಕೆ ಹೋಗಿ ಮಾಡಿದ ಆಲ್ಬಮ್ ಇದು. ಆ ಮೂರು ನಿಮಿಷವನ್ನು ಮಂಕಾಗಿ ನಿಮಗೆ ಮಾರಲು ನಮ್ಮಿಂದ ಆಗಲಿಲ್ಲ.

ಹಾಗಾಗಿ ಎರಡು ತಟ್ಟೆ, ನಾಲ್ಕು ಸೈಡ್. ನಾಲ್ಕನೇ ಸೈಡಿನಲ್ಲಿ ಎರಡೇ ಹಾಡು, 11 ನಿಮಿಷ. ಲೇಬಲ್‌ನಿಂದ ದೂರ ಇರುವಾಗಲೇ ಗಿಟಾರ್ ಮುಗಿದಿರುತ್ತದೆ. ಹಾಡುಗಳ ಕ್ರಮ ಬದಲಾಗಿಲ್ಲ. ನೀವು ಮೂರು ಸಲ ಎದ್ದು ತಟ್ಟೆ ತಿರುಗಿಸಬೇಕು, ಅಷ್ಟೇ. ನಾಲ್ಕು ಸೈಡನ್ನೂ ಹೊಸದಾಗಿ ಕೆತ್ತಿ, ಅದರಿಂದ ನಿಕಲ್ ಅಚ್ಚು ತೆಗೆದು, ಆಮೇಲೆ ಒತ್ತಬೇಕು. ತಡ ಆಗುತ್ತಿರುವುದು ಅದಕ್ಕೇ. ಮುಂಬಯಿ ಮಳೆಗಾಲದಲ್ಲಿ ರಟ್ಟಿನ ಕವರ್ ಎಷ್ಟು ಬೇಗ ಬೂಷ್ಟು ಹಿಡಿಯುತ್ತದೆ ಅಂತ ನಿಮಗೇ ಗೊತ್ತಲ್ವಾ. ಮಳೆ ನಿಂತ ಮೇಲೆ ಬರುವುದು ಕವರಿಗಂತೂ ಒಳ್ಳೆಯದು.

ಈಗ ಹಣದ ವಿಚಾರ. ಈಗಾಗಲೇ 1,900 ಕೊಟ್ಟವರು ಪೂರ್ತಿ 700 ಕೊಡಬೇಕಿಲ್ಲ. 350 ಕೊಟ್ಟರೆ ಸಾಕು, ಉಳಿದದ್ದು ಅಂಗಡಿಯ ಪಾಲಿಗೆ. ಅದನ್ನೂ ಎಲ್‌ಪಿ ತೆಗೆದುಕೊಳ್ಳುವ ದಿನ ಕೊಡಿ. ಬೇಡ ಅನಿಸಿದರೆ ಒಂದು ಮೆಸೇಜ್ ಹಾಕಿ, ಪೂರ್ತಿ ಹಣ ಯುಪಿಐನಲ್ಲಿ ಎರಡು ದಿನದೊಳಗೆ ವಾಪಸ್ ಬರುತ್ತದೆ. ಕಾರಣ ಕೇಳುವುದಿಲ್ಲ. ಹೊಸದಾಗಿ ಬುಕ್ ಮಾಡುವವರಿಗೆ 2,600.

ಸಿಡಿ ಬೇಕು ಅಂದಿದ್ದವರಿಗೆ ಏನೂ ಬದಲಾಗಿಲ್ಲ. ಸಿಡಿ ಒಳಗಿನಿಂದ ಹೊರಗೆ ಓಡುತ್ತದೆ, ಒಳಗೆ ಬೇಗ, ಹೊರಗೆ ನಿಧಾನ ತಿರುಗುತ್ತದೆ. ಹಾಗಾಗಿ ಈ ತೊಂದರೆ ಅದಕ್ಕಿಲ್ಲ. 52 ನಿಮಿಷಕ್ಕೆ ಒಂದೇ ಸಿಡಿ ಸಾಕು. ಚೌತಿಗೇ ಬರುತ್ತದೆ.

ಇನ್ನೊಂದು ವಿಷಯ. ಕಾಲಾ ಘೋಡಾದ ಸಂಗೀತದ ಅಂಗಡಿ ರಿದಂ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ನಿಮ್ಮಲ್ಲಿ ಎಷ್ಟೋ ಜನ ನಮ್ಮ ಕಡೆ ಬಂದಿರಿ. ಅಲ್ಲಿ ಬೂತಿನಲ್ಲಿ ನಿಂತು ಕೇಳಿ, ಇಷ್ಟವಾದರೆ ಕೊಳ್ಳುತ್ತಿದ್ದದ್ದನ್ನು ನೀವು ಇವತ್ತಿಗೂ ನೆನೆಸಿಕೊಳ್ಳುತ್ತೀರಿ. ನಾವೂ ಹಾಗೇ ಮಾಡಬೇಕು ಅನಿಸಿತು. ಮುಂದಿನ ಎರಡು ಭಾನುವಾರ, ಬೆಳಗ್ಗೆ 11ರಿಂದ 1ರ ತನಕ, ಕೊನೆಯ ಹಾಡನ್ನು ಮೊದಲು ಹಳೇ ಟೆಸ್ಟ್ ಪ್ರೆಸಿಂಗ್‌ನಲ್ಲಿ, ಆಮೇಲೆ ಸ್ಟುಡಿಯೋದಿಂದ ಬಂದ ಫೈಲಿನಲ್ಲಿ ಹಾಕುತ್ತೇವೆ. ವ್ಯತ್ಯಾಸ ನೀವೇ ಕೇಳಿ. ಆಮೇಲೆ ಬೇಕೋ ಬೇಡವೋ ಹೇಳಿ. ಹೊಸ ಟೆಸ್ಟ್ ಪ್ರೆಸಿಂಗ್ ಬಂದಾಗಲೂ ಕರೆಯುತ್ತೇವೆ. ನಿಮ್ಮ ಕಿವಿಗೆ ಸರಿ ಕಂಡ ಮೇಲೇ ಉಳಿದ ಪ್ರತಿ ಒತ್ತಲು ಹೇಳುತ್ತೇವೆ. ಅಂಗಡಿ ಚಿಕ್ಕದು, ಒಂದು ಸಲಕ್ಕೆ ಎಂಟು ಜನ ಕೂರಬಹುದು. ಬರುವ ಮುಂಚೆ ಒಂದು ಫೋನ್ ಮಾಡಿ.

ನಿಮ್ಮ,
ಅಂಗಡಿಯ ಮೂವರು